ಅಕ್ಕನನ್ನು ಪಾಸು ಮಾಡಿಸಿದ ವರ್ಷ

ಹೋದ ತಿಂಗಳು ಗೆಳತಿ ಸುಮಿತ್ರೆಯ ಜೊತೆ ಪವಾಯಿಗೆ ಹೋಗಿದ್ದೆ. ಅವಳ ಗಂಡನಿಗೆ ಮರೆವಿನ ಕಾಯಿಲೆ. ಅಂಥವರನ್ನೇ ಇಟ್ಟುಕೊಂಡು ನೋಡಿಕೊಳ್ಳುವ ಜಾಗವೊಂದು ಕೆರೆಯ ಹತ್ತಿರ ಶುರುವಾಗಿದೆಯಂತೆ, ಒಬ್ಬಳೇ ಹೋಗಲು ಧೈರ್ಯವಿಲ್ಲ, ಬಾ ಎಂದಿದ್ದಳು. ಬಾಗಿಲು ದಾಟಿದ ಕೂಡಲೇ ಫಿನಾಯಿಲ್ ಮತ್ತು ಗಂಜಿ, ಎರಡರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ಮೇಜಿನ ಹಿಂದಿದ್ದ ಹುಡುಗಿ ನಗುತ್ತಾ ಒಂದು ಫಾರಂ ಕೊಟ್ಟು, "ಆಂಟಿ, ಅಂಕಲ್ ಏನೇನು ಭೂಲ್ ಜಾತೇ ಹೈ, ಏನೇನು ಮಾಡ್ತಾರೆ, ಎಲ್ಲಾ ಓಪನ್ ಆಗಿ ಬರೀರಿ. ಕುಛ್ ಛುಪಾನಾ ಮತ್, ಏನೂ ಮುಚ್ಚಿಡಬೇಡಿ" ಎಂದಳು. ಸುಮಿತ್ರೆ ಬರೆದಳು. ಕೊಟ್ಟ ಜಾಗ ಸಾಲದೆ ಹಾಳೆಯ ಹಿಂಬದಿಯಲ್ಲೂ ಬರೆದಳು. ನಾನು ಬಾತ್‌ರೂಮಿನ ನೆವ ಹೇಳಿ ಎದ್ದು ಹೊರಗೆ ಬಂದು ನಿಂತೆ. ಎಂಬತ್ತೇಳನೆಯ ಇಸವಿಯಲ್ಲಿ ಇದೇ ಪವಾಯಿಯಲ್ಲಿ, ಇದೇ ವಾಸನೆಯ ನಡುವೆ, ನನ್ನ ಕೈಗೂ ಒಂದು ಫಾರಂ ಬಂದಿತ್ತು. ನಾನು ಅದನ್ನು ಖಾಲಿಯಾಗಿಯೇ ಹಿಂದಕ್ಕೆ ಕೊಟ್ಟು ಬಂದಿದ್ದೆ.

ಆ ಫಾರಂ ತುಂಬಬೇಕಾಗಿದ್ದದ್ದು ನಮ್ಮ ಅಕ್ಕ ಕಮಲಳಿಗಾಗಿ. ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನಮ್ಮಪ್ಪ ತುಮಕೂರು ಕಡೆಯಿಂದ ಮುಂಬಯಿಗೆ ಬಂದು ಒಂದು ಕಂಪನಿಯಲ್ಲಿ ಗುಮಾಸ್ತರಾಗಿದ್ದವರು. ಅಮ್ಮ ಮೊದಲೇ ಹೋಗಿದ್ದಳು. ಅಪ್ಪ ಹೋದಾಗ ನನಗೆ ಏಳು, ಅಣ್ಣ ರಘುವಿಗೆ ಹತ್ತು. ಅಕ್ಕ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರಾಗಿ ಸೇರಿ ನಮ್ಮಿಬ್ಬರನ್ನೂ ಸಾಕಿದಳು, ಓದಿಸಿದಳು, ಮದುವೆ ಮಾಡಿದಳು. ತನ್ನ ಮದುವೆಯ ಮಾತೆತ್ತಿದರೆ "ಇವೆರಡೂ ಒಂದು ದಡ ಸೇರಲಿ" ಎನ್ನುತ್ತಿದ್ದಳು. ನಾವು ದಡ ಸೇರಿದೆವು. ರಘು ಬ್ಯಾಂಕ್ ಆಫೀಸರಾಗಿ ಮಾಟುಂಗದಲ್ಲಿ ಫ್ಲ್ಯಾಟ್ ಮಾಡಿದ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿ, ಮದುವೆಯಾಗಿ, ದಹಿಸರಿನ ಒಂದು ರೂಮು-ಕಿಚನ್ನಿಗೆ ಬಂದೆ. ಅಕ್ಕ ರಘುವಿನ ಮನೆಯಲ್ಲೇ ಉಳಿದಳು.

ರಿಟೈರಾದ ಎರಡನೆಯ ವರ್ಷ ಅವಳ ಮರೆವು ಶುರುವಾಯಿತು. ಮೊದಮೊದಲು ನಗುವ ವಿಷಯವೇ ಆಗಿತ್ತು. ಬೆಳಿಗ್ಗೆ ಏಳಕ್ಕೆ ಇಸ್ತ್ರಿ ಸೀರೆ ಉಟ್ಟು, ಚೀಲದಲ್ಲಿ ಕೆಂಪು ಪೆನ್ನು ಇಟ್ಟುಕೊಂಡು ಶಾಲೆಗೆ ಹೋಗಿಬಿಡುತ್ತಿದ್ದಳು. ಅಲ್ಲಿಯ ಜವಾನ ಕೈಹಿಡಿದು ಕರೆತಂದು ಬಿಡುತ್ತಿದ್ದ. "ಟೀಚರಿಗೆ ಶಾಲೆ ಬಿಡೋಕೆ ಮನಸ್ಸೇ ಇಲ್ಲ" ಎಂದು ಬಿಲ್ಡಿಂಗಿನವರು ನಕ್ಕರು. ಆಮೇಲೆ ಗ್ಯಾಸ್ ಹಚ್ಚಿ ಮರೆತಳು. ಸಾರಿಗೆ ಮೂರು ಸಲ ಉಪ್ಪು ಹಾಕಿದಳು. ನನ್ನನ್ನು ಅಮ್ಮನ ಹೆಸರಿಂದ ಕರೆದಳು. ಎಂಬತ್ತೇಳರ ಮೇ ತಿಂಗಳಲ್ಲಿ ದೊಡ್ಡ ಆಸ್ಪತ್ರೆಯೊಂದರಲ್ಲಿ ತೋರಿಸಿದಾಗ ಡಾಕ್ಟರು, "ಡಿಮೆನ್ಷಿಯ. ಔಷಧ ಇಲ್ಲ. ಇನ್ನು ಮುಂದೆ ಕಣ್ಣಿಟ್ಟು ಕಾಯಬೇಕು, ಅಷ್ಟೆ" ಎಂದು ಒಂದು ಚೀಟಿಯಲ್ಲಿ ಆ ಹೆಸರು ಬರೆದುಕೊಟ್ಟರು. ಟ್ಯಾಕ್ಸಿಯಲ್ಲಿ ಕೂತ ಮೇಲೆ ರಘು ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು, "ಈ ಹೆಸರು ನಮ್ಮ ಬಾಯಿಂದ ಆಚೆ ಹೋಗಬಾರದು, ವತ್ಸಲಾ" ಎಂದ.

ಕಾರಣ ಅವನ ಮಗಳು ವೀಣಾ. ಅವಳಿಗೆ ಮಾಟುಂಗದಲ್ಲೇ ಒಂದು ಒಳ್ಳೆಯ ಸಂಬಂಧ ಕೂಡಿಬಂದಿತ್ತು. ಹುಡುಗನ ತಂದೆ ನಮ್ಮವರ ಸಂಘದ ಕಮಿಟಿಯಲ್ಲಿದ್ದವರು, ನಾಲ್ಕು ಜನಕ್ಕೆ ಬೇಕಾದವರು. ಮಾಘದಲ್ಲಿ ಮುಹೂರ್ತ ಎಂದು ಮಾತಾಗಿತ್ತು. "ಮನೆಯಲ್ಲಿ ಹುಚ್ಚಿಯೊಬ್ಬಳಿದ್ದಾಳೆ ಅಂತ ಗೊತ್ತಾದ್ರೆ ಯಾರು ಹೆಣ್ಣು ತೊಗೋತಾರೆ?" ಎಂದು ಅತ್ತಿಗೆ ನಳಿನಿ ಕಣ್ಣೀರು ಹಾಕಿದಳು. ಅವಳನ್ನು ಪೂರ್ತಿ ಬೈಯಲಾರೆ. ಹಗಲಿಡೀ ಅಕ್ಕನ ಹಿಂದೆ ಓಡುತ್ತಿದ್ದವಳು ಅವಳೇ. ಎಲ್ಲಾದರೂ ಒಳ್ಳೆಯ ಜಾಗ ನೋಡಿ ಸೇರಿಸಬೇಕು ಎಂದು ರಘು ನಳಿನಿಗೆ ಹೇಳಿದ, ನಳಿನಿ ನನಗೆ ಹೇಳಿದಳು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ಬಾಲ ನಾನಾದ್ದರಿಂದ ಮುಂದೆ ಹೇಳಲು ಯಾರೂ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಎಲ್ಲ ತಪ್ಪನ್ನೂ ಮಾಟುಂಗಕ್ಕೆ ಸಾಗಿಸಿದಂತಾಗುತ್ತದೆ. ನನ್ನ ಗಂಡ ಗೋಪಿ, ಮಾತೇ ಆಡದ ಮನುಷ್ಯ, ಒಂದು ಸಂಜೆ ತಾನಾಗಿಯೇ "ಅಕ್ಕ ಇಲ್ಲೇ ಇರ್ಲಿ ಬಿಡು, ಹೇಗೋ ಅಡ್ಜಸ್ಟ್ ಮಾಡೋಣ" ಎಂದ. ಬೇಡ ಎಂದದ್ದು ನಾನು. ಅದೇ ವರ್ಷ ನನಗೆ ಸೂಪರ್‌ವೈಸರ್ ಪ್ರಮೋಷನ್ ಸಿಕ್ಕಿತ್ತು. ಬೆಳಿಗ್ಗೆ ಲೋಕಲ್ಲಿನಲ್ಲಿ ನೇತಾಡಿಕೊಂಡು ಚರ್ಚ್‌ಗೇಟಿಗೆ ಹೋಗಿ, ಕುರ್ಚಿಯಲ್ಲಿ ಕೂತು ಹತ್ತು ಹುಡುಗಿಯರ ಮೇಲೆ ದರ್ಬಾರು ಮಾಡುವ ಸುಖವನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಆ ಕುರ್ಚಿಯವರೆಗೆ ನನ್ನನ್ನು ತಲುಪಿಸಿದವಳು ಯಾರು ಎಂದು ಗೊತ್ತಿದ್ದೂ ಬೇಡ ಎಂದೆ.

ಜೂನಿನಲ್ಲಿ ಮಳೆ ಹಿಡಿಯಿತು. ರಜಾದಿನಗಳಲ್ಲಿ ಕೊಡೆ ಹಿಡಿದು ಜಾಗ ನೋಡಲು ಹೊರಟೆ. ಆಗ ಈಗಿನ ಹಾಗೆ ಮರೆವಿನವರಿಗೆಂದೇ ಮನೆಗಳಿರಲಿಲ್ಲ. ಇದ್ದದ್ದು ವೃದ್ಧಾಶ್ರಮ, ಇಲ್ಲವೇ ಹುಚ್ಚಾಸ್ಪತ್ರೆ. ಬೊರಿವಲಿಯಲ್ಲಿ ಒಬ್ಬರು ಮನೆಯ ಮಹಡಿಯಲ್ಲಿ ಏಳೆಂಟು ಮುದುಕರನ್ನು ಇಟ್ಟುಕೊಂಡಿದ್ದರು. ಹೋಗಿ ನೋಡಿದರೆ ಇಬ್ಬರನ್ನು ಹಳೇ ಪಂಚೆಯಿಂದ ಮಂಚಕ್ಕೆ ಕಟ್ಟಿದ್ದರು. "ಗಿರತಾ ಹೈ ನಾ, ಇಸ್ಲಿಯೇ", ಬೀಳ್ತಾರಲ್ಲ ಅದಕ್ಕೇ, ಎಂದಳು ಯಜಮಾನಿ, ಚಹಾ ಮುಂದಿಡುತ್ತಾ. ಚಹಾ ಕುಡಿಯದೆ ಇಳಿದು ಬಂದೆ.

ಅದಾದ ಮೇಲೆ ಆಫೀಸಿನ ಗೆಳತಿಯೊಬ್ಬಳು ಪವಾಯಿಯ ವಿಳಾಸ ಕೊಟ್ಟಳು. ಕೆರೆಯ ಹಿಂದಿನ ಗುಡ್ಡದ ಮೇಲೆ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಚಿಕ್ಕ ಮನೆ ಅದು. ಅಲ್ಲಿಯ ಮುಖ್ಯಸ್ಥೆ ಸಿಸ್ಟರ್ ಐರಿನ್ ಬಂಟ್ವಾಳದ ಕಡೆಯವರು. ನಾನು ಕನ್ನಡ ಮಾತಾಡಿದ್ದೇ ತಡ, ಕುಣಿಯುವುದೊಂದು ಬಾಕಿ. ಒಳಗೆ ಕರೆದುಕೊಂಡು ಹೋಗಿ ತೋರಿಸಿದರು. ಒಬ್ಬೊಬ್ಬರ ಮಂಚಕ್ಕೂ ಅವರವರ ಹಳೆಯ ಸೀರೆಯದೋ ಅಂಗಿಯದೋ ಒಂದು ಚೂರು ಕಟ್ಟಿದ್ದರು, ತನ್ನ ಜಾಗ ಗುರುತು ಸಿಗಲಿ ಎಂದು. ಗೇಟಿಗೆ ಬೀಗ, ಆದರೆ ಅಂಗಳ ದೊಡ್ಡದು, ಸುತ್ತಿ ಸುತ್ತಿ ಬರಬಹುದು. ಒಬ್ಬ ಸಿಂಧಿ ಅಜ್ಜಿ ವರಾಂಡದಲ್ಲಿ ತಲೆದಿಂಬನ್ನು ತೊಡೆಯ ಮೇಲಿಟ್ಟು ತಟ್ಟುತ್ತಾ ಕೂತಿದ್ದಳು. ಯಾರೂ ಅವಳನ್ನು ತಡೆಯುತ್ತಿರಲಿಲ್ಲ.

"ನೀವು ಅಕ್ಕನನ್ನು ಈಗಲೇ ಕರ್ಕೊಂಡು ಬನ್ನಿ" ಎಂದರು ಸಿಸ್ಟರ್. "ಇನ್ನೂ ಸ್ವಲ್ಪ ನೆನಪು ಉಂಟಲ್ಲ, ಅದರಲ್ಲಿ ಈ ಮನೆಯನ್ನು ಕಲಿತುಕೊಳ್ತಾರೆ. ತನ್ನ ಹಾಸಿಗೆ ಯಾವುದು, ಬಾತ್‌ರೂಮ್ ಎಲ್ಲಿ, ನಾನು ಯಾರು ಅಂತ. ಲೇಟ್ ಮಾಡಿದ್ರೆ ಮತ್ತೆ ಕಲಿಲಿಕ್ಕೆ ಆಗುದಿಲ್ಲ. ಹೊಸ ಜಾಗ ಅವರಿಗೆ ಯಾವಾಗ್ಲೂ ಹೊಸತೇ ಆಗಿ ಉಳಿತದೆ."

ಕೊಟ್ಟ ಫಾರಂನಲ್ಲಿ ರೋಗದ ಹೆಸರು ಬರೆಯಬೇಕಿತ್ತು. ಡಾಕ್ಟರ ಸರ್ಟಿಫಿಕೇಟು ಲಗತ್ತಿಸಿ ಹತ್ತಿರದ ಸಂಬಂಧಿ ಸಹಿ ಹಾಕಬೇಕಿತ್ತು. ಪೆನ್ನು ತೆಗೆದೆ. ಆಮೇಲೆ ರಘುವನ್ನು ಕೇಳಿಬಿಡೋಣ ಎನ್ನಿಸಿ, ನಾಳೆ ಬರ್ತೀನಿ ಎಂದು ಫಾರಂ ವಾಪಸು ಕೊಟ್ಟೆ. ಮಾಟುಂಗದಲ್ಲಿ ಅದರ ವರದಿ ಒಪ್ಪಿಸಿದಾಗ ನಳಿನಿ ಮೊದಲು ಮೊಟ್ಟೆ ಎಂದಳು, ಆಮೇಲೆ ಶಿಲುಬೆ ಎಂದಳು, ಕೊನೆಗೆ ನಿಜ ಹೇಳಿದಳು: "ಸರ್ಟಿಫಿಕೇಟ್‌ನಲ್ಲಿ ನಮ್ಮ ಮನೆತನದ ಹೆಸರಿರುತ್ತೆ. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತೋ ಯಾರು ಕಂಡೋರು?" ರಘು ನೋಡೋಣ ಎಂದ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನು ಚಿಕ್ಕಂದಿನಿಂದಲೂ ನಿಪುಣ. ಮರುವಾರ ತಾನೇ ಒಂದು ಜಾಗ ಹುಡುಕಿದ.

ಅದು ದಹಿಸರ್ ನಾಕಾ ದಾಟಿದ ಮೇಲೆ ನಮ್ಮವರದೇ ಒಂದು ಟ್ರಸ್ಟು ನಡೆಸುತ್ತಿದ್ದ ವೃದ್ಧಾಶ್ರಮ. ಶುದ್ಧ ಸಸ್ಯಾಹಾರ, ಬೆಳಿಗ್ಗೆ ಫಿಲ್ಟರ್ ಕಾಫಿ, ಸಂಜೆ ಪ್ರಾರ್ಥನೆ. ಅಲ್ಲಿ ಸೇರಿದರೆ ಮರ್ಯಾದೆಗೆ ಕುಂದಿಲ್ಲ. ರಿಟೈರಾದ ಟೀಚರು ಶಾಂತಿಯಾಗಿರಲು ಹೋಗಿದ್ದಾರೆ ಎಂದರೆ ಮುಗಿಯಿತು. ನೋಡಿಕೊಳ್ಳುತ್ತಿದ್ದವರು ಕೃಷ್ಣರಾಯರು ಎಂಬ ನಿವೃತ್ತ ಅಧಿಕಾರಿ, ಟ್ರಸ್ಟಿಗಳಲ್ಲಿ ಒಬ್ಬರು. ವೀಣಾಳ ಭಾವೀ ಮಾವನಿಗೂ ಪರಿಚಿತರು. ಅವರ ನಿಯಮ ಒಂದೇ. "ಸ್ವಸ್ಥ ಬುದ್ಧಿ, ಸ್ವಂತ ಕೈಕಾಲು. ಇವೆರಡಿದ್ದವರನ್ನ ಮಾತ್ರ ತೊಗೋತೀವಿ. ಖುದ್ದು ಸಂದರ್ಶನ ಮಾಡ್ತೀನಿ." ರಘು ಯಾರನ್ನೋ ಹಿಡಿದು ಸಂದರ್ಶನದ ಪ್ರಶ್ನೆಗಳನ್ನು ಪತ್ತೆ ಮಾಡಿದ. ಒಂದು ಹಾಳೆಯಲ್ಲಿ ಬರೆದು ನನ್ನ ಕೈಗಿಟ್ಟು, "ಇಂಪಾರ್ಟೆಂಟ್ ಕ್ವೆಶ್ಚನ್ಸು. ಇಷ್ಟೇ ಕೇಳೋದು. ನೀನು ತಯಾರು ಮಾಡಿಸು" ಎಂದ. ಟೀಚರ ಮನೆಯಲ್ಲಿ ಬೆಳೆದವರು ನಾವು, ಪರೀಕ್ಷೆ ಎಂದ ಮೇಲೆ ಫೇಲಾಗುವ ಮಾತೇ ಇಲ್ಲ.

ಹದಿನೈದು ದಿನ ಅರ್ಧ ರಜೆ ಹಾಕಿ ಮಾಟುಂಗದಲ್ಲಿ ಅಕ್ಕನ ಮುಂದೆ ಕೂತೆ. ಹೊರಗೆ ಸುರಿಯುವ ಮಳೆ, ಒಳಗೆ ಒಣಗದ ಬಟ್ಟೆಗಳು. ಅಕ್ಕ ನಮಗೆ ಮಗ್ಗಿ ಕಲಿಸಿದ್ದು ಹೇಗೆಂದರೆ, ಪ್ರತಿ ಸಾಲನ್ನೂ ಮೂರು ಸಲ ಗಟ್ಟಿಯಾಗಿ, ಅಂಗೈಗೆ ಬೆರಳು ತಟ್ಟುತ್ತಾ ಹೇಳಿಸುವುದು. ನಾನೂ ಹಾಗೇ ಹೇಳಿಸಿದೆ. ನಿನ್ನೆ ತಿಂದದ್ದು ನೆನಪಿರದ ಅಕ್ಕ ಬಾಯಿಪಾಠವನ್ನು ಮಾತ್ರ ಹಿಡಿದುಕೊಂಡಳು. "ನಿಮ್ಮ ಹೆಸರು?" "ಕಮಲ. ನಿವೃತ್ತ ಶಿಕ್ಷಕಿ." "ವಯಸ್ಸು?" "ಅರವತ್ತೊಂದು." ಪ್ರಧಾನಿ ಯಾರು ಎಂದರೆ ಮೊದಮೊದಲು ತೀರಿಹೋದ ಹಿಂದಿನ ಪ್ರಧಾನಿಯ ಹೆಸರು ಹೇಳುತ್ತಿದ್ದಳು, ಆಗ ಪ್ರಧಾನಿಯಾಗಿದ್ದ ಅವರ ಮಗನ ಹೆಸರು ಬರಲು ಮೂರು ದಿನ ಹಿಡಿಯಿತು. "ಇಲ್ಲಿಗೆ ಯಾಕೆ ಬಂದಿದ್ದೀರಿ?" ಎಂಬುದಕ್ಕೆ ರಘು ಬರೆದುಕೊಟ್ಟ ಉತ್ತರ ದೊಡ್ಡದಿತ್ತು. "ನಾನು ಸ್ವಂತ ಇಚ್ಛೆಯಿಂದ ಬಂದಿದ್ದೇನೆ. ನನಗೆ ಯಾರ ಬಲವಂತವೂ ಇಲ್ಲ." ಅದನ್ನೂ ಬೆರಳು ತಟ್ಟಿ ತಟ್ಟಿ ಒಪ್ಪಿಸಿದಳು. ತಪ್ಪಿಲ್ಲದೆ ಹೇಳಿದಾಗ ನನ್ನ ಮುಖ ನೋಡುತ್ತಿದ್ದಳು, ಶಾಭಾಸ್ ಎನ್ನಲಿ ಎಂದು. ನಾನು ಶಾಭಾಸ್ ಎನ್ನುತ್ತಿದ್ದೆ.

ಕಷ್ಟವಾದದ್ದು ವಾರದ ಹೆಸರು. ಸಂದರ್ಶನ ಗುರುವಾರಕ್ಕಿತ್ತು, ಹಾಗಾಗಿ ಹದಿನೈದು ದಿನವೂ ಗುರುವಾರವೇ ಎಂದು ಕಲಿಸಿದ್ದೆ. ಹಿಂದಿನ ರಾತ್ರಿ ನಾನು ಮಾಟುಂಗದಲ್ಲೇ ಉಳಿದಿದ್ದೆ. ಆ ಗುರುವಾರ ಬೆಳಿಗ್ಗೆ ಹಳಿಗಳ ಮೇಲೆ ಮೊಣಕಾಲುದ್ದ ನೀರು ನಿಂತು ಲೋಕಲ್ ಬಂದ್ ಆಯಿತು. ಕೃಷ್ಣರಾಯರು ಫೋನಿನಲ್ಲಿ, "ನಾಳೆ ಬನ್ನಿ, ಅದಕ್ಕೇನಂತೆ" ಎಂದರಂತೆ. ರಘು ಬೆವತುಹೋದ. "ಸರ್, ಅಕ್ಕನಿಗೆ ಗುರುರಾಯರಲ್ಲಿ ಭಕ್ತಿ. ಏನೇ ಆದರೂ ಗುರುವಾರವೇ ಶುರು ಮಾಡಬೇಕು ಅಂತಾಳೆ" ಎಂದು ಬೇಡಿಕೊಂಡು ಒಂದು ವಾರ ಮುಂದೆ ಹಾಕಿಸಿದ. ಫೋನಿಟ್ಟ ಮೇಲೆ ನಾವು ಮೂವರೂ ನಕ್ಕೆವು. ಅಕ್ಕನೂ ನಮ್ಮ ಜೊತೆ ನಕ್ಕಳು.

ಸಂದರ್ಶನದಲ್ಲಿ ಅಕ್ಕ ಎಲ್ಲದಕ್ಕೂ ಸರಿಯುತ್ತರ ಕೊಟ್ಟಳು. ಅಷ್ಟೇ ಆಗಿದ್ದರೆ ಸರಿ. ಕೃಷ್ಣರಾಯರು ಆಶ್ರಮದ ನಿಯಮಾವಳಿಯ ಅಚ್ಚಾದ ಹಾಳೆಯನ್ನು ಅವಳ ಕೈಗೆ ಕೊಟ್ಟಾಗ, ಅವಳು ಚೀಲದಿಂದ ಕೆಂಪು ಪೆನ್ನು ತೆಗೆದು ಮೂರು ತಪ್ಪುಗಳಿಗೆ ಸುತ್ತು ಹಾಕಿ ಹಿಂದಿರುಗಿಸಿದಳು. ರಾಯರು ದಂಗಾದರು. "ಭೇಷ್! ಇಷ್ಟು ಚುರುಕಾದ ಬುದ್ಧಿ ನಮ್ಮ ಆಫೀಸಿನಲ್ಲಿ ಯಾರಿಗೂ ಇಲ್ಲ. ನಿಮ್ಮಂಥೋರು ಬರಬೇಕಮ್ಮ ನಮ್ಮಲ್ಲಿಗೆ" ಎಂದರು. ನನಗೆ ಹೆಮ್ಮೆಯಾಯಿತು. ಕೈಯಾರೆ ಸುಳ್ಳು ಕಲಿಸಿ ಹೆಮ್ಮೆಪಟ್ಟೆನಲ್ಲ, ಅದಕ್ಕಾಗಿ ನನ್ನ ಮೇಲೆ ನನಗೆ ಇವತ್ತಿಗೂ ಅಸಹ್ಯವಿದೆ. ಆಗಸ್ಟಿನಲ್ಲಿ ಅಕ್ಕ ಅಲ್ಲಿಗೆ ಹೋದಳು.

ಮೊದಲ ತಿಂಗಳು ಸುಗಮವಾಗಿ ಕಳೆಯಿತು. ಟೀಚರ್ ಟೀಚರ್ ಎಂದು ಎಲ್ಲರೂ ಮಾತಾಡಿಸುತ್ತಿದ್ದರು. ಗಣಪತಿ ಹಬ್ಬ ಮುಗಿದ ಮೇಲೆ ಅಲ್ಲಿದ್ದವರ ಕಾಗದಗಳು ಕಾಣೆಯಾಗತೊಡಗಿದವು. ಮಕ್ಕಳು ಬರೆದ ಇನ್‌ಲ್ಯಾಂಡ್ ಲೆಟರುಗಳು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಆಸ್ತಿ ಯಾರಿಗೂ ಇರಲಿಲ್ಲ. ಒಂದೊಂದನ್ನೂ ಹತ್ತು ಸಲ ಓದಿ ದಿಂಬಿನಡಿ ಇಟ್ಟುಕೊಳ್ಳುತ್ತಿದ್ದರು. ಹುಡುಕಿದರೆ ಎಲ್ಲವೂ ಅಕ್ಕನ ಪೆಟ್ಟಿಗೆಯಲ್ಲಿ ಸಿಕ್ಕವು, ಅಂಚಿಗೆ ಅಂಚು ಜೋಡಿಸಿ ಕಟ್ಟು ಕಟ್ಟಿದ್ದವು. ಪ್ರತಿಯೊಂದನ್ನೂ ಕೆಂಪು ಪೆನ್ನಿನಿಂದ ತಿದ್ದಿ ಕೆಳಗೆ ಅಂಕ ಹಾಕಿದ್ದಳು. ಪದ್ಮಾವತಮ್ಮ ಎಂಬವರ ಮಗ ನಾಗಪುರದಿಂದ ಆರು ತಿಂಗಳ ಮೇಲೆ ಬರೆದಿದ್ದ ಕಾಗದಕ್ಕೆ ಹತ್ತಕ್ಕೆ ನಾಲ್ಕು ಕೊಟ್ಟು, "ಅಕ್ಷರ ದುಂಡಗಿರಲಿ" ಎಂದು ಷರಾ ಬರೆದಿದ್ದಳು. ಪದ್ಮಾವತಮ್ಮ ಆ ಕಾಗದ ಹಿಡಿದು ಅತ್ತರಂತೆ.

ನಾವು ನಿಜ ಹೇಳಿದ್ದಿದ್ದರೆ ಪಾಪ, ಕಾಯಿಲೆ ಎನ್ನುತ್ತಿದ್ದರು. ಸ್ವಸ್ಥ ಬುದ್ಧಿ ಎಂದು ಪಾಸಾಗಿ ಬಂದವಳು ಹೀಗೆ ಮಾಡಿದರೆ ಅದು ಕಳ್ಳತನ, ಕೊಬ್ಬು, ಅಣಕ. ಯಾರೂ ಅವಳ ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ. ಯಾರ ರೂಮಿನ ಹತ್ತಿರ ಸುಳಿದರೂ "ಕಾಗದ ಎತ್ತಿಟ್ಟುಕೊಳ್ಳಿ" ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಅವಳಿಗೆ ತಾನು ಕಾಗದ ತೆಗೆದದ್ದು ನೆನಪಿರುತ್ತಿರಲಿಲ್ಲ, ಮುಖ ತಿರುಗಿಸುವುದು ಮಾತ್ರ ಕಾಣುತ್ತಿತ್ತು. ಕಸಮುಸುರೆಯ ಯಲ್ಲವ್ವ, ಬಾಗಲಕೋಟೆ ಕಡೆಯ ಹೆಂಗಸು, ಒಂದು ಭಾನುವಾರ ನನ್ನನ್ನು ಗೇಟಿನಲ್ಲೇ ತಡೆದಳು.

"ಬಾಯಾರ, ನಿಮ್ಮಕ್ಕಾರು ಕದಿಯೂ ಮಂದಿ ಅಲ್ರೀ. ಅವರ ತಲೀಗಿ ಏನೋ ಆಗೇದ. ನಮ್ಮತ್ತಿಗೂ ಹಿಂಗ ಆಗಿತ್ರೀ, ಉಂಡು ಕೈ ತೊಳದು ಉಂಡಿಲ್ಲ ಅಂತಿದ್ಲು. ಸಾಹೇಬ್ರಿಗೆ ನೀವರ ಹೇಳ್ರಿ."

"ಹಾಗೇನಿಲ್ಲ ಯಲ್ಲವ್ವ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಬಕೆಟ್ ಎತ್ತಿಕೊಂಡು ಹೋದಳು.

ದೀಪಾವಳಿ ಕಳೆದ ಮೇಲೆ ಕೃಷ್ಣರಾಯರು ನಮ್ಮಿಬ್ಬರನ್ನೂ ಕರೆಸಿದರು. ಕೆಟ್ಟ ಮನುಷ್ಯರಲ್ಲ ಅವರು. ಬಾಗಿಲು ಮುಚ್ಚಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಮೆತ್ತಗೆ ಕೇಳಿದರು. "ನಿಜ ಹೇಳಿ. ಟೀಚರಿಗೆ ತಲೆ ಸರಿಯಾಗಿದೆ ತಾನೆ? ಕಾಯಿಲೆ ಅಂದ್ರೆ ಬೇರೆ ಮಾತು. ನಾನು ಎಲ್ಲರಿಗೂ ತಿಳಿಸಿ ಹೇಳ್ತೀನಿ, ಅವರಿಗೆ ತಕ್ಕ ಜಾಗ ಹುಡುಕೋಕೆ ಸಹಾಯವನ್ನೂ ಮಾಡ್ತೀನಿ. ಕಾಯಿಲೆ ಅಲ್ಲದಿದ್ರೆ ಮಾತ್ರ ಇದು ಕಳ್ಳತನ. ಅವರ ಕೈಯಿಂದಲೇ ಕ್ಷಮಾಪಣೆ ಬರೆಸಿಕೊಡಬೇಕಾಗುತ್ತೆ."

ಒಂದೇ ಮಾತು ಹೇಳಬೇಕಿತ್ತು. ಬಾಯಿಯವರೆಗೆ ಬಂದಿತ್ತು. ರಘು ನನ್ನ ಕಡೆ ನೋಡುತ್ತಿದ್ದ. ಹಿಂದಿನ ದಿನವಷ್ಟೇ ನಳಿನಿ ಇದನ್ನೆಲ್ಲ ಯೋಚಿಸಿ ಮುಗಿಸಿದ್ದಳು. "ಕಳ್ಳತನ ಅಂದ್ರೆ ಒಬ್ಬರ ಗುಣ, ವತ್ಸಲಾ. ಹುಚ್ಚು ಅಂದ್ರೆ ರಕ್ತ. ರಾಯರು ಮರ್ಯಾದಸ್ಥರು, ಕದ್ದದ್ದನ್ನ ಹೊರಗೆ ಆಡೋಲ್ಲ. ಕಾಯಿಲೆ ಅಂದ್ರೆ ಅನುಕಂಪಕ್ಕಾದರೂ ನಾಲ್ಕು ಜನಕ್ಕೆ ಹೇಳ್ತಾರೆ. ಮಾಘಕ್ಕೆ ಇನ್ನು ಎಷ್ಟು ದಿನ ಇದೆ ಹೇಳು." ನಾನು ರಾಯರಿಗೆ, "ತಲೆ ಸರಿಯಾಗಿದೆ ಸರ್. ಸ್ವಭಾವ ಸ್ವಲ್ಪ ಹಾಗೇ. ತಪ್ಪಾಯ್ತು" ಎಂದೆ. ನನ್ನ ದನಿ ಎಲ್ಲೂ ನಡುಗಲಿಲ್ಲ. ಟೆಲಿಫೋನಿನಲ್ಲಿ ಇಪ್ಪತ್ತು ವರ್ಷ ಮಾತಾಡಿ ಪಳಗಿದ ದನಿ ಅದು.

ಕ್ಷಮಾಪಣೆ ಪತ್ರವನ್ನು ರಘು ಬರೆದ. ಅಕ್ಕನ ರೂಮಿಗೆ ತೆಗೆದುಕೊಂಡು ಹೋಗಿದ್ದು ನಾನು. ಅಕ್ಕ ಮಂಚದ ಮೇಲೆ ಕೂತು ಸೆರಗಿನ ಅಂಚನ್ನು ಮಡಿಸಿ ಬಿಚ್ಚಿ ಮಾಡುತ್ತಿದ್ದಳು. "ಏನಿದು?" ಎಂದಳು. "ರಜೆ ಅರ್ಜಿ ಅಕ್ಕಾ. ಸಹಿ ಹಾಕು" ಎಂದೆ. "ಎಷ್ಟು ದಿನದ್ದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ದುಂಡಗೆ ಸಹಿ ಹಾಕಿದಳು. ಅದನ್ನು ರಾಯರ ಮೇಜಿನ ಮೇಲಿಟ್ಟು ನಾವಿಬ್ಬರೂ ಬಸ್ಸು ಹಿಡಿದೆವು.

ಆ ಸಂಜೆ ಪ್ರಾರ್ಥನೆ ಮುಗಿದ ಮೇಲೆ, ಎಲ್ಲರೂ ಸಾಲಾಗಿ ಕೂತಿದ್ದಾಗ, ಅವಳನ್ನು ಮುಂದೆ ನಿಲ್ಲಿಸಿ ಆ ಪತ್ರವನ್ನು ಓದಿದರಂತೆ. ನಮಗೆ ಇದು ಗೊತ್ತಿರಲಿಲ್ಲ ಎಂದು ಎಷ್ಟೋ ವರ್ಷ ಹೇಳಿಕೊಂಡೆ. ಕೇಳಿದ್ದರೆ ಗೊತ್ತಾಗುತ್ತಿತ್ತು. "ನಾನು ಇತರರ ವಸ್ತುಗಳನ್ನು ಕದ್ದದ್ದು ನಿಜ. ಇನ್ನು ಮುಂದೆ ಹಾಗೆ ಮಾಡುವುದಿಲ್ಲ" ಎಂದು ಓದುತ್ತಿದ್ದಾಗ ಅಕ್ಕ ಮೊದಲು ನಗುತ್ತಿದ್ದಳಂತೆ. ಬೇರೆ ಯಾರದೋ ವಿಷಯ ಎಂದುಕೊಂಡ ಹಾಗೆ. ಕೊನೆಗೆ ಅವಳ ಹೆಸರು ಓದಿದಾಗ ಸುತ್ತ ನೋಡಿದಳಂತೆ. "ಎಲ್ಲಾರ ಮಾರಿ ನೋಡಿದ್ರು ಬಾಯಾರ, ಒಬ್ರೂ ಇವರ ಮಾರಿ ನೋಡ್ಲಿಲ್ಲ" ಎಂದಳು ಯಲ್ಲವ್ವ. ಅಂದಿನಿಂದ ಊಟಕ್ಕೆ ಎರಡು ಸಲ ಕರೆಯದೆ ಅಕ್ಕ ತಟ್ಟೆ ಮುಟ್ಟುತ್ತಿರಲಿಲ್ಲ. ರೂಮಿಗೆ ಹೊರಗಿನಿಂದ ಚಿಲಕ ಹಾಕತೊಡಗಿದರು. ನವೆಂಬರಿನಿಂದ ಫೆಬ್ರವರಿಯವರೆಗೆ ಅವಳು ಆ ಚಿಲಕದ ಹಿಂದಿದ್ದಳು. ನಾನು ಪ್ರತಿ ಭಾನುವಾರ ಹೋಗಿ ಚಿಲಕ ತೆಗೆದು ಒಳಗೆ ಕೂತು, ಹೊರಡುವಾಗ ಮತ್ತೆ ಹಾಕಿ ಬರುತ್ತಿದ್ದೆ.

ಮಾಘದಲ್ಲಿ ವೀಣಾಳ ಮದುವೆ ಚೆನ್ನಾಗಿಯೇ ಆಯಿತು. ದೊಡ್ಡತ್ತೆ ಎಲ್ಲಿ ಎಂದವರಿಗೆ ಕಾಶಿಯಾತ್ರೆಗೆ ಹೋಗಿದ್ದಾರೆ ಎಂದೆವು. "ಪುಣ್ಯವಂತರು" ಎಂದರು ಬೀಗಿತ್ತಿ. ಧಾರೆ ಮುಗಿದ ಮೇಲೆ ಗಂಡಿನವರ ಕೋಣೆಗೆ ತಾಂಬೂಲ ಕೊಡಲು ಹೋದರೆ, ಅಲ್ಲಿ ಮೂಲೆಯ ಕುರ್ಚಿಯಲ್ಲಿ ಹುಡುಗನ ತಾತ ಕೂತಿದ್ದರು. ಮೈಮೇಲೆ ಎರಡು ಶರ್ಟು. ನನ್ನನ್ನು ಕಂಡು "ಮದುವೆ ಯಾರದು?" ಎಂದರು. ಹೇಳಿದೆ. ಮತ್ತೆ "ಮದುವೆ ಯಾರದು?" ಎಂದರು. ಬೀಗಿತ್ತಿ ನಗುತ್ತಾ ಅವರ ಗುಂಡಿ ಸರಿಮಾಡಿ, "ನಮ್ಮ ಮಾವನೋರಿಗೆ ಅರಳುಮರಳು. ಬೆಳಗಿನಿಂದ ಐವತ್ತು ಸಲ ಕೇಳಿದ್ದಾರೆ. ಏನೂ ಅಂದ್ಕೋಬೇಡಿ, ವಯಸ್ಸಾದ ಮೇಲೆ ಎಲ್ಲರ ಮನೇಲೂ ಇದ್ದದ್ದೇ ಅಲ್ವಾ?" ಎಂದರು. ನಳಿನಿ ತಾಂಬೂಲದ ತಟ್ಟೆ ಹಿಡಿದು ಹಾಗೇ ನಿಂತಿದ್ದಳು. ನಾನು ಅವಳ ಮುಖ ನೋಡಲಿಲ್ಲ, ಅವಳೂ ನನ್ನದನ್ನು ನೋಡಲಿಲ್ಲ. ಇಬ್ಬರೂ ಹೊರಗೆ ಬಂದು ಪಂಕ್ತಿಯಲ್ಲಿ ಬಡಿಸಲು ನಿಂತೆವು.

ಮದುವೆ ಮುಗಿದ ವಾರದಲ್ಲೇ ನಾನು ಆ ಡಾಕ್ಟರ ಬಳಿ ಹೋಗಿ ಸರ್ಟಿಫಿಕೇಟು ಮಾಡಿಸಿ, ಅಕ್ಕನನ್ನು ಪವಾಯಿಗೆ ಕರೆದೊಯ್ದೆ. ರಘು ಕೃಷ್ಣರಾಯರಿಗೆ ಮನೆಗೆ ಕರೆದುಕೊಂಡು ಹೋಗ್ತೀವಿ ಎಂದಷ್ಟೇ ಹೇಳಿದ್ದ. ಅವರು ಹೆಚ್ಚು ಕೇಳಲಿಲ್ಲ, ಪೀಡೆ ಕಳೆಯಿತು ಎಂದುಕೊಂಡಿರಬೇಕು. ಸಿಸ್ಟರ್ ಐರಿನ್ ಫಾರಂ ಕೊಟ್ಟರು. ಈ ಸಲ ಎಲ್ಲವನ್ನೂ ಬರೆದೆ, ಆ ಪತ್ರದ ವಿಷಯವೊಂದನ್ನು ಬಿಟ್ಟು. ಅವರು ಅಕ್ಕನನ್ನು ಮಾತಾಡಿಸಿ ನೋಡಿ, "ಎಂಟು ತಿಂಗಳು ಹೋಯಿತಲ್ಲ ಮಾರಾಯ್ತಿ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವರು ಹೇಳಿದ್ದೇ ಆಯಿತು. ಅಕ್ಕ ಆ ಮನೆಯನ್ನು ಕಲಿಯಲಿಲ್ಲ. ಮಂಚಕ್ಕೆ ಅವಳ ನೀಲಿ ಸೀರೆಯ ಚೂರು ಕಟ್ಟಿದರೂ ದಿನಾ ಬೆಳಿಗ್ಗೆ ಎದ್ದು "ಇದು ಯಾರ ಮನೆ?" ಎನ್ನುತ್ತಿದ್ದಳು. ಆಮೇಲೆ ನನ್ನ ಹೆಸರು ಹೋಯಿತು, ತನ್ನ ಹೆಸರು ಹೋಯಿತು, ಮಗ್ಗಿ ಹೋಯಿತು. ಒಂದು ಮಾತ್ರ ಹೋಗಲಿಲ್ಲ. ಯಾರಾದರೂ ಹತ್ತಿರ ಬಂದರೆ ಎರಡು ಅಂಗೈಗಳನ್ನೂ ಅಗಲವಾಗಿ ಬಿಡಿಸಿ ತೋರಿಸುತ್ತಿದ್ದಳು. ಆಮೇಲೆ ಸೆರಗು ಕೊಡವಿ, ದಿಂಬು ಎತ್ತಿ ತೋರಿಸುತ್ತಿದ್ದಳು. "ನೋಡಿ, ಏನೂ ಇಲ್ಲ. ನಾನು ತೊಗೊಂಡಿಲ್ಲ." ಸಿಸ್ಟರಿಗೆ, ಗುಡಿಸಲು ಬಂದವಳಿಗೆ, ಡಾಕ್ಟರಿಗೆ, ಪ್ರತಿ ಭಾನುವಾರ ನನಗೆ. "ಇವರಿಗೆ ಇದನ್ನು ಕಲಿಸಿದ್ದು ಯಾರು?" ಎಂದು ಸಿಸ್ಟರ್ ಒಮ್ಮೆ ಕೇಳಿದರು. ನಾನು ಕಿಟಕಿಯಾಚೆಗೆ ಕೆರೆ ನೋಡುತ್ತಾ ನಿಂತೆ.

ಹೀಗೇ ನಾಲ್ಕು ವರ್ಷ ನಡೆಯಿತು. ಕೊನೆಯ ಮಳೆಗಾಲದಲ್ಲಿ ಒಂದು ಭಾನುವಾರ ನಾನು ಒಳಗೆ ಹೋಗುತ್ತಲೇ ಅವಳು ಅಂಗೈ ಬಿಡಿಸಿದಳು. ಒಣಗಿ ಕಡ್ಡಿಯಾಗಿದ್ದ ಬೆರಳುಗಳು. ನನಗೆ ತಡೆಯಲಾಗಲಿಲ್ಲ. ಎರಡೂ ಕೈಗಳನ್ನು ಮಡಿಸಿ ನನ್ನ ಕೈಯಲ್ಲಿ ಹಿಡಿದುಕೊಂಡೆ. "ಅಕ್ಕಾ, ನೀನು ಏನೂ ಕದ್ದಿಲ್ಲ. ನಿನಗೆ ಕಾಯಿಲೆ ಆಗಿತ್ತು. ನಾವು ಸುಳ್ಳು ಹೇಳಿದ್ವಿ. ನಾನೇ ಹೇಳ್ದೆ" ಎಂದೆ. ಹೇಳುತ್ತಾ ಅತ್ತೆ. ಅವಳು ತುಂಬ ಹೊತ್ತು ನನ್ನನ್ನು ನೋಡಿದಳು. ಗುರುತು ಸಿಗಲಿಲ್ಲ, ಆದರೆ ಕಣ್ಣು ಎಚ್ಚರವಾಯಿತು.

"ನಾನು ತೊಗೊಂಡಿಲ್ಲ ಅಂತ ನಿಮಗೆ ಗೊತ್ತಾ?"

"ಗೊತ್ತು."

"ಹಾಗಿದ್ರೆ ಅವರಿಗೆ ಒಂದು ಮಾತು ಹೇಳಿಬಿಡಿ ತಾಯಿ" ಎಂದಳು. "ಎಲ್ಲರೂ ಸಾಲಾಗಿ ಕೂತಿರ್ತಾರಲ್ಲ, ಆಗ ಹೇಳಿ."

ಹೇಳ್ತೀನಿ ಎಂದೆ. ಕೃಷ್ಣರಾಯರು ಇನ್ನೂ ಅಲ್ಲೇ ಇದ್ದರು, ಪದ್ಮಾವತಮ್ಮ ಇನ್ನೂ ಬದುಕಿದ್ದರು. ನಮ್ಮ ಮನೆಯಿಂದ ಅಲ್ಲಿಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಅಕ್ಕ ಅದಾದ ಮೇಲೂ ಐದು ತಿಂಗಳು ಇದ್ದಳು. ನಾನು ಹೋಗಲಿಲ್ಲ.